ನಾಲ್ಕನೇ ಬಾಗಿಲು

ಆಲಸನತ್ತದ ಬಡಗಿ ಅಂಜನಪ್ಪನಿಗೆ ಎರಡು ವರ್ಷದಿಂದ ಕಣ್ಣು ಮಬ್ಬಾಗುತ್ತ ಬಂದಿತ್ತು. ಆ ಸಂಗತಿ ಗೊತ್ತಿದ್ದದ್ದು ಅವನೊಬ್ಬನಿಗೇ. ಬಡಗಿಗೆ ಕಣ್ಣು ಕಾಣದು ಎಂದು ಊರಿಗೆ ತಿಳಿದರೆ ಮತ್ತೆ ಕೆಲಸ ಹೇಳಲು ಯಾರು ಬರುತ್ತಾರೆ? ಮಹಾರಾಯ ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಹೀಗಿರುವಾಗ ಆದಿಲಕ್ಷ್ಮಮ್ಮನ ಮನೆಯಿಂದ ಕರೆ ಬಂತು. ಅಡುಗೆಮನೆಯ ಬೀರುವಿಗೆ ನಾಲ್ಕು ಬಾಗಿಲು ಆಗಬೇಕಿತ್ತು. ಒಳ್ಳೆಯ ಮರವೆಲ್ಲ ದಂಡಿಗೆ ಹೋಗುತ್ತಿದ್ದ ಯುದ್ಧದ ಕಾಲ. ಮನೆಯಲ್ಲಿದ್ದದ್ದು ಅಂಚೆಟ್ಟಿ ಕಡೆಯಿಂದ ಎಂದೋ ತಂದಿದ್ದ ಒಂದೇ ಒಂದು ಬೀಟೆಯ ಕೊರಡು. ಬಾಗಿಲನ್ನು ಮಾವಿನ ಮರದಲ್ಲಿ ಮಾಡಿ, ಬೀಟೆಯನ್ನು ಹಪ್ಪಳದಂತೆ ತೆಳ್ಳಗೆ ಕುಯ್ದು ಮೇಲೆ ಅಂಟಿಸುವುದೆಂದಾಯಿತು.

ಕೊರಡನ್ನು ಒಂದು ರೀತಿ ಕುಯ್ದರೆ ಹಾಳೆಯ ಮೇಲೆ ನೇರ ಗೆರೆ ಬರುತ್ತದೆ. ಇನ್ನೊಂದು ರೀತಿ ಕುಯ್ದರೆ ಗೆರೆಗಳು ಬೆಟ್ಟದ ಹಾಗೆ ಒಂದರ ಮೇಲೊಂದು ಏಳುತ್ತವೆ, ತುದಿಯೆಲ್ಲ ಮರದ ತಲೆಯ ಕಡೆಗೆ.

“ನೇರ ಗೆರೇನೇ ಇರ್ಲಿ ಕಣಮ್ಮ. ಒಲೆ ಬಿಸಿಗೆ ಡೊಂಕಾಗಲ್ಲ,” ಎಂದ ಅಂಜನಪ್ಪ. ಅದು ನಿಜವೇ. ಆದರೆ ನೇರ ಗೆರೆಯಲ್ಲಿ ತಲೆ ಯಾವುದು ಬುಡ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ ಎಂಬುದೂ ಅವನ ಮನಸ್ಸಿನಲ್ಲಿತ್ತು.

“ಬೆಟ್ಟದ್ದೇ ಆಗ್ಲಣ್ಣ. ದಿನಾ ಅದನ್ನ ನೋಡ್ಕೊಂಡು ನಿಂತ್ಕೊಳ್ಳೋಳು ನಾನು,” ಎಂದಳು ಸೊಸೆ ಕನಕಮ್ಮ.

“ಅವಳು ಹೇಳ್ದಂಗೇ ಮಾಡು,” ಎಂದರು ಆದಿಲಕ್ಷ್ಮಮ್ಮ. “ಬುಡ ಮಾತ್ರ ಕೆಳಗಿರ್ಲಿ.”

ಬುಡ ಮೇಲಾದ ಮರ ನಿಂತ ಮನೆ ಏಳಿಗೆಯಾಗದು ಎಂಬ ನಂಬಿಕೆ ಎಲ್ಲರಿಗೂ ಇತ್ತು. ಆದಿಲಕ್ಷ್ಮಮ್ಮನಿಗಂತೂ ಒಂದು ಹಿಡಿ ಹೆಚ್ಚೇ ಇತ್ತು. ಹಲ್ಲಿ ಲೊಚಗುಟ್ಟಿದರೆ ಹೊರಟ ಗಾಡಿಯನ್ನೂ ನಿಲ್ಲಿಸುವ ಹೆಂಗಸು.

ಅಂಜನಪ್ಪ ಪ್ರತಿ ಹಾಳೆಯ ಬುಡದಂಚಿನಲ್ಲಿ ಉಳಿಯಿಂದ ಒಂದು ಕಚ್ಚು ಹಾಕಿಕೊಂಡ. ಬೆರಳಿಗೆ ಕಚ್ಚು ಸಿಕ್ಕರೆ ಅದೇ ಬುಡ. ಮೂರು ಬಾಗಿಲು ಸರಿಯಾಗಿ ಬಂದವು. ನಾಲ್ಕನೇ ಹಾಳೆ ಕುಯ್ಯುವಾಗ ತಲೆಯ ಕಡೆ ಅಂಚು ಚೂರು ಸಿಡಿದಿತ್ತು. ಬೆರಳು ಅದನ್ನೇ ಕಚ್ಚೆಂದು ತಿಳಿಯಿತು. ಇನ್ನೊಂದು ತುದಿ ಮುಟ್ಟಿ ನೋಡದೆ ಅಂಟಿಸಿಬಿಟ್ಟ.

ಬಾಗಿಲುಗಳನ್ನು ಕೂರಿಸಿದ ದಿನ ಅತ್ತೆ, ಸೊಸೆ ಬಂದು ನಿಂತರು.

“ಕನಕ, ಮಜ್ಜಿಗೆ ತಗಂಡ್ ಬಾ ಹೋಗು,” ಎಂದು ಸೊಸೆಯನ್ನು ಕಳಿಸಿ ಆದಿಲಕ್ಷ್ಮಮ್ಮ ಮೆಲ್ಲಗೆ ಕೇಳಿದರು: “ನಾಲ್ಕನೇದು ತಲೆ ಕೆಳಗಾಗೈತೆ ಅಂಜನಪ್ಪ. ಯಾವಾಗಿಂದ ಕಣ್ಣು ಕಾಣಲ್ಲ?”

ಎರಡು ವರ್ಷದಲ್ಲಿ ಯಾರೂ ಕೇಳದ ಮಾತು. ಅವನಿಗೆ ಅಳು ಬಂದುಬಿಟ್ಟಿತು.

“ಎರಡು ವರ್ಸ ಆಯ್ತಮ್ಮ. ಯಾರ್ಗೂ ಹೇಳ್ಬ್ಯಾಡಿ. ಅದನ್ನ ಕಿತ್ತಾಕಿ ಬೇರೆಯೋರ ಕೈಲಿ ಮಾಡ್ಸ್ಕೊಳಿ.”

“ನಂಗೂ ಹಿಂಗೇ ಆಗಿತ್ತು ಕಣಪ್ಪ. ಮಗ ಬಂದ್ರೆ ದನಿ ಮೇಲೆ ಗುರ್ತು ಹಿಡೀತಿದ್ದೆ. ಬೆಂಗಳೂರಾಗೆ ಪೊರೆ ತೆಗುದ್ರು. ಸೋಮವಾರ ನಮ್ ಗಾಡಿ ಅಲ್ಲಿಗೇ ಹೋಗ್ತದೆ, ನೀನೂ ಹೊರಡು. ಕೊರಡಲ್ಲಿ ಇನ್ನೊಂದು ಹಾಳೆಗಾಗೋಷ್ಟು ಮರ ಉಳಿದೈತೆ. ಕಣ್ಣು ಬಂದ್ಮೇಲೆ ನೀನೇ ಕುಯ್ದು ಹಾಕು. ಬೇರೆ ಯಾರೂ ಮುಟ್ಟೋದು ಬ್ಯಾಡ.”

“ಅಲ್ಲೀಗಂಟ ಬುಡ ಮೇಲಾಗೇ ಇರ್ತದಲ್ಲಮ್ಮ. ಮನೆಗೆ ಒಳ್ಳೇದಲ್ಲ.”

ಆದಿಲಕ್ಷ್ಮಮ್ಮ ಆ ಬಾಗಿಲಿನ ಮೇಲೆ ಕೈ ಆಡಿಸಿದರು.

“ಇರ್ಲಿ ಬಿಡಪ್ಪ,” ಎಂದರು. “ಅದೇನ್ ಬತ್ತದೋ ಬರ್ಲಿ. ನಾವು ತಡ್ಕೋತೀವಿ.”