ಕಡಲಡಿಯ ಕೆಂಪು

ಜಸೀಲಾ ಬಿಡಿಸಿದ ನಕ್ಷೆಯನ್ನು ಬಾಸ್ ಶೈಲೇಶನ ಹೆಸರಿನಲ್ಲಿ ದಿಲ್ಲಿಯ ಗಿರಾಕಿಗೆ ತೋರಿಸಿದರು.

ಹಂಪನಕಟ್ಟೆಯ ಆ ಆಫೀಸಿನಲ್ಲಿ ಕಡಲಡಿಯ ಎಣ್ಣೆ ಹುಡುಕುವ ಕೆಲಸ ಇಬ್ಬರ ಪಾಲಿಗಿತ್ತು. ಶೈಲೇಶನದು ಸದ್ದು: ಹಡಗಿನಿಂದ ಸದ್ದು ಹೊಡೆದು, ಕಡಲ ತಳದಿಂದ ಮರಳುವ ಪ್ರತಿಧ್ವನಿಯಲ್ಲಿ ಬಂಡೆಗಳ ಆಕಾರ ಹಿಡಿಯುವುದು. ಜಸೀಲಾಳದು ವಿದ್ಯುತ್ತು. ಉಪ್ಪುನೀರು ಕುಡಿದ ಬಂಡೆ ಕರೆಂಟನ್ನು ಸಲೀಸಾಗಿ ಹರಿಯಬಿಡುತ್ತದೆ, ಎಣ್ಣೆ ಕುಡಿದದ್ದು ತಡೆಯುತ್ತದೆ. ತಡೆದಲ್ಲಿ ನಕ್ಷೆ ಕೆಂಪಾಗುತ್ತದೆ. ಪಾತ್ರೆ ತೋರಿಸುವವನು ಅವನು, ಒಳಗೇನುಂಟು ಎಂದು ಹೇಳುವವಳು ಇವಳು. ಆದರೂ ಚಪ್ಪಾಳೆ ಪಾತ್ರೆಗೇ.

"ಶೈಲು, ಬೆಂಕಿ ಮಾರಾಯಾ!" ಬಾಸ್ ಸರ್ವೋತ್ತಮ ಅವನ ಬೆನ್ನು ತಟ್ಟಿದರು. ಆಮೇಲೆ ಜಸೀಲಾಳ ಕಡೆಗೂ ಒಂದು ತುಣುಕು ಎಸೆದರು: "ನೀವೂ ಸ್ವಲ್ಪ ಹೆಲ್ಪ್ ಮಾಡಿದ್ದೀರಿ, ಅಲ್ವಾ?"

ಅಂದಿನಿಂದ ಶೈಲೇಶನ ನಗು ಅವಳ ಗಂಟಲಿಗೆ ಮೀನಿನ ಮುಳ್ಳಾಯಿತು. ಅವನ ಹೊಸ ಶೂ, ಎಲ್ಲರ ಟಿಫಿನ್ ಡಬ್ಬಿಗೂ ಸಲುಗೆಯಿಂದ ಇಳಿಯುವ ಅವನ ಕೈ, ಕೇಳದೆಯೇ ಎಲ್ಲ ಸಿಗುವ ಅವನ ಬಾಳು... ಬೋಳಾರದ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದನ್ನೇ ಜಗಿಯುತ್ತಿದ್ದಳು. ಈ ಉರಿ ಹೊಸದೇನಲ್ಲ. ನಕ್ಷೆ ಬಿಡಿಸುವಾಗಲೂ ಅವನಿಂದ ಆಕಾರವನ್ನಷ್ಟೇ ತೆಗೆದುಕೊಂಡಿದ್ದಳು. ಬಂಡೆಯೊಳಗೆ ಸದ್ದು ಎಷ್ಟು ವೇಗವಾಗಿ ಓಡುತ್ತದೆಂದು ತೋರಿಸುವ ಅವನ ಇನ್ನೊಂದು ಫೈಲನ್ನು ಹಠಕ್ಕೆ ತೆರೆದೇ ಇರಲಿಲ್ಲ. ಅವನ ಉಪಕಾರ ಯಾರಿಗೆ ಬೇಕು?

ವಾರ ಕಳೆದು ಸರ್ವೋತ್ತಮ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಶೈಲೇಶ ಈಗ ಎಂತದೋ ರಾಗ ಎಳೀತಿದ್ದಾನೆ. ನಿಮ್ಮ ಕೆಂಪಿನ ಜಾಗದಲ್ಲಿ ಸದ್ದು ಸಿಕ್ಕಾಪಟ್ಟೆ ಫಾಸ್ಟ್ ಓಡ್ತದಂತೆ. ಅದು ಎಣ್ಣೆ ಅಲ್ಲ, ಗಟ್ಟಿ ಕರಿಕಲ್ಲು ಅಂತೆ."

ಜಸೀಲಾಳಿಗೆ ತಟ್ಟನೆ ಹೊಳೆಯಿತು. ಕರಿಕಲ್ಲೂ ಕರೆಂಟನ್ನು ತಡೆಯುತ್ತದೆ, ಅದೂ ಕೆಂಪೇ. ಎಣ್ಣೆಯೋ ಕಲ್ಲೋ ಎಂದು ಹೇಳಬಲ್ಲದ್ದು ಅವಳು ತೆರೆಯದೆ ಬಿಟ್ಟ ಆ ಫೈಲು.

"ಗಿರಾಕಿಗೆ ಕಲ್ಲು ಮಾರ್ಲಿಕ್ಕೆ ಆಗ್ತದಾ? ಕೊನೇ ರಿಪೋರ್ಟಿನಿಂದ ಅವನ ಸೀಸ್ಮಿಕ್, ಆ ಸದ್ದಿನ ಲೆಕ್ಕ, ತೆಗೆದುಬಿಡಿ. ನಿಮ್ಮ ಕೆಂಪು ಮಾತ್ರ ಇರ್ಲಿ. ಹೆಸರೂ ನಿಮ್ದೇ, ದಿಲ್ಲಿಗೆ ಹೋಗುದೂ ನೀವೇ. ಇದೇ ಅಲ್ವಾ ನಿಮಗೆ ಬೇಕಾದ್ದು?"

ಹೌದು, ಇದೇ. ಗಾಜಿನಾಚೆ ಶೈಲೇಶ ಒಬ್ಬನೇ ಕೂತಿದ್ದ. ಇವತ್ತು ಬೆನ್ನು ತಟ್ಟುವವರಿಲ್ಲ. ಸುಳ್ಳು ಯಾಕೆ, ಅವಳ ನಾಲಿಗೆಯಲ್ಲಿ ಸಿಹಿ ಒಸರಿತು. ನುಂಗುವಷ್ಟರಲ್ಲಿ ಕಹಿಯಾಯಿತು. ಅವಳ ಹೆಸರನ್ನು ಒರೆಸಿದ ಕೈಯೇ ಈಗ ಅದೇ ಒರೆಸುಬಟ್ಟೆಯನ್ನು ಅವಳ ಕೈಗಿಡುತ್ತಿತ್ತು. ನಾಳೆ ಕೊರೆಯುವ ಯಂತ್ರ ಬಂದರೆ ಮೀನಿನ ದೋಣಿಗಳನ್ನು ಆ ಕಡಲಿನಿಂದ ಓಡಿಸುತ್ತಾರೆ. ಒಂದು ಕರಿಕಲ್ಲಿಗಾಗಿ, ಅವಳ ಹೆಸರು ಹೇಳಿಕೊಂಡು.

"ಅವನನ್ನು ಕಂಡ್ರೆ ನನಗೆ ಈಗಲೂ ಆಗುದಿಲ್ಲ ಸರ್," ಎಂದಳು.

"ಮತ್ತೆಂತ ಯೋಚನೆ? ಸಂಜೆಯೊಳಗೆ ತೆಗೀರಿ."

"ತೆಗೆಯುದಿಲ್ಲ. ಹೋಗುದಾದ್ರೆ ನನ್ನ ನಕ್ಷೆ, ಅವನ ಸದ್ದು ಎರಡೂ ಒಟ್ಟಿಗೆ, ಎರಡು ಹೆಸರೂ ಹಾಕಿ. ಇಲ್ಲದಿದ್ರೆ ನನ್ನ ಕೆಂಪು ಈ ಬಾಗಿಲು ದಾಟುದಿಲ್ಲ."