ಮೂರೂ ಮೂರೂ ಹತ್ತು

ಮೌಲ್ಯಮಾಪನ ಕೇಂದ್ರದಲ್ಲಿ ಅವಳ ಅಣ್ಣನಿಗೆ ಎಲ್ಲರೂ ಸೇರಿ ಇಟ್ಟಿದ್ದ ಹೆಸರು ಸುತ್ತಿಗೆ. ಮೇಜು ಗುದ್ದದೆ ಪುಣ್ಯಾತ್ಮನಿಗೆ ಮಾತೇ ಹೊರಡುತ್ತಿರಲಿಲ್ಲ. ಭೌತಶಾಸ್ತ್ರಕ್ಕೆ ಅವನೇ ಮುಖ್ಯ ಪರೀಕ್ಷಕ, ಮಾದರಿ ಉತ್ತರ ಬರೆದವನೂ ಅವನೇ. ಅವನ ಕೈಕೆಳಗೆ ಪತ್ರಿಕೆ ತಿದ್ದುವವರಲ್ಲಿ ತಂಗಿಯೂ ಒಬ್ಬಳು. ಅಪ್ಪ ಅಮ್ಮ ಇಲ್ಲದ ಅವಳನ್ನು ಓದಿಸಿ ಟೀಚರ್ ಮಾಡಿದವನು ಅವನು, ಸುಳ್ಳಲ್ಲ. ಆದರೆ ಲೆಕ್ಕ ತಪ್ಪಿದಾಗಲೆಲ್ಲ ಬಾರಿಸಿ ಬಾರಿಸಿಯೇ ಓದಿಸಿದ್ದ. ಅವನು ಕೈ ಎತ್ತಿದರೆ ಸಾಕು, ಅವಳು ಎರಡೂ ಕಿವಿ ಮುಚ್ಚಿಕೊಂಡು, "ಬೇಡ ಅಣ್ಣಾ, ಬೇಡ" ಅಂತ ಮೂಲೆಯಲ್ಲಿ ಮುದುಡುತ್ತಿದ್ದಳು.

ಇವತ್ತಿನ ಜಗಳ ಹುಟ್ಟಿದ್ದು ಹದಿನೇಳನೇ ಪ್ರಶ್ನೆಯಿಂದ. ತಲಾ ಮೂರು ಕೆ.ಜಿ.ಯ ಎರಡು ಉಂಡೆಗಳು, ಬೆಳಕಿನ ವೇಗದ ಐದರಲ್ಲಿ ನಾಲ್ಕು ಪಾಲು ವೇಗದಲ್ಲಿ ಎದುರುಬದುರು ಬಂದು ಡಿಕ್ಕಿ ಹೊಡೆದು, ಅಂಟಿಕೊಂಡು ನಿಂತುಬಿಡುತ್ತವೆ. ಒಟ್ಟು ದ್ರವ್ಯರಾಶಿ ಎಷ್ಟು? ಮಾದರಿಯಲ್ಲಿ ಆರು ಅಂತಿತ್ತು. ಹತ್ತು ಅಂತ ಬರೆದವರಿಗೆಲ್ಲ ಸೊನ್ನೆ. ಬೆಳಿಗ್ಗೆಯಿಂದ ಅವಳು ತುಟಿ ಪಿಟಕ್ಕೆನ್ನದೆ ತನ್ನ ಕೈಯಾರೆ ನಲವತ್ತು ಸೊನ್ನೆ ಸುತ್ತಿದ್ದಳು. ನಲವತ್ತೊಂದನೆಯ ಪತ್ರಿಕೆಯಲ್ಲಿ ಯಾವುದೋ ಮಗು ಉತ್ತರದ ಕೆಳಗೆ ಬರೆದಿತ್ತು: 'ಎದುರುಬದುರಿನ ಸಂವೇಗಗಳು ಕೂಡಿ ಸೊನ್ನೆಯಾಗುತ್ತವೆ. ಶಕ್ತಿ ಸೊನ್ನೆಯಾಗುವುದಿಲ್ಲ. ಅದು ಒಳಗೇ ಉಳಿದು ದ್ರವ್ಯರಾಶಿಯಾಗುತ್ತದೆ. ಆದ್ದರಿಂದ ಹತ್ತು.' ಅದಕ್ಕೆ ಅವಳು ಸೊನ್ನೆ ಸುತ್ತಲಿಲ್ಲ. ಐದು ಗಂಟೆಗೆ ಜವಾನ ಕಟ್ಟುಗಳಿಗೆ ಅರಗಿನ ಮುದ್ರೆ ಒತ್ತಿಬಿಟ್ಟರೆ ಮುಗಿಯಿತು, ಆ ಮಕ್ಕಳ ಎಂಟೆಂಟು ಅಂಕ ಮಣ್ಣುಪಾಲು. ಆಗಲೇ ನಾಲ್ಕೂವರೆ.

ಅವಳು ಆ ಪತ್ರಿಕೆ ಹಿಡಿದು ಎದ್ದು ಅಣ್ಣನ ಕೋಣೆಗೆ ನುಗ್ಗಿದಳು.

"ಅಣ್ಣಾ, ಹದಿನೇಳು ತಪ್ಪಾಗಿದೆ. ಹತ್ತು ಬರಬೇಕು."

"ಮೂರೂ ಮೂರೂ ಹತ್ತಾ? ಯಾವ ಅಂಗಡಿ ತಕ್ಕಡಿನೇ ಅದು?"

"ಅಷ್ಟು ಜೋರಾಗಿ ಬಂದ್ವಲ್ಲ, ಆ ಶಕ್ತಿ ಎಲ್ಲಿ ಹೋಯ್ತು?"

"ನಿಂತ ಮೇಲೆ ಇನ್ನೆಲ್ಲಿರತ್ತೆ? ಹೋಯ್ತು!" ಮೇಜು ದಡಾರೆಂದಿತು.

"ಹೋಗಲ್ಲ. ಒಳಗೇ ಇರತ್ತೆ. ಇಪ್ಪತ್ತು ವರ್ಷ ಆದ್ರೂ ಇರತ್ತೆ."

ಅವಳು ಯಾವುದರ ಮಾತಾಡುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು. ಛಟೀರೆಂದು ಕೆನ್ನೆಗೆ ಬಿಟ್ಟ. ಅವಳ ಕೈಯಲ್ಲಿದ್ದ ಪತ್ರಿಕೆ ಕಿತ್ತು ಹರಿಯಲು ಹೋದ.

ಅಷ್ಟೇ. ಅವಳು ಅವನ ಕೊರಳಪಟ್ಟಿಗೆ ಕೈ ಹಾಕಿದಳು. ಅವನು ಅವಳ ಜುಟ್ಟು ಹಿಡಿದು ತಲೆಯನ್ನು ಕಬ್ಬಿಣದ ಬೀರುವಿಗೆ ಜಪ್ಪಿದ. ಹಣೆ ಒಡೆಯಿತು. ಅವಳು ಬಿಡಲಿಲ್ಲ. ಅವನು ತಳ್ಳಿದಷ್ಟೂ ಅವಳು ತಳ್ಳಿದಳು. ಇಬ್ಬರೂ ಕೋಣೆಯ ನಡುವೆ ಅಲ್ಲಾಡದೆ, ಹಲ್ಲು ಕಚ್ಚಿ, ಗಡಗಡ ನಡುಗುತ್ತ ನಿಂತರು. ಜವಾನ ಇಣುಕಿ, "ಅಯ್ಯಯ್ಯೋ, ಮೇಡಂ!" ಅಂದು ಓಡಿದ. ಅಣ್ಣ ಮೇಜಿನ ಮೇಲೆ ಕೈಯೂರಿದ ಗಳಿಗೆಯಲ್ಲಿ ಅವಳು ಗಾಜಿನ ಪೇಪರ್‌ವೇಟ್ ಎತ್ತಿ ಆ ಬೆರಳುಗಳ ಮೇಲೆ ಹೊಡೆದಳು. ಮೂಳೆ ಲಟಕ್ಕೆಂದಿತು. ಇನ್ನೊಂದು ಸಲ ಹೊಡೆದಳು. ಬಾಯಿಗೆ ಗುದ್ದಿದಳು. ಅವನು ಬೀರುವಿನ ಬುಡದಲ್ಲಿ ಕುಸಿದ ಮೇಲೂ ಭುಜಕ್ಕೆ ಒದ್ದಳು. ಥೂ, ಎಷ್ಟು ಹಾಯೆನಿಸಿತು ಅವಳಿಗೆ!

ಮಾದರಿ ಉತ್ತರದ ಹಾಳೆ ನೆಲದ ಮೇಲಿತ್ತು, ರಕ್ತ ಸಿಡಿದಿತ್ತು. ನಾಲ್ಕು ಐವತ್ತು. ಅವನು ಉಗುಳಿದ. "ಹತ್ತು. ಸರಿ, ಹತ್ತೇ. ತಿದ್ಕೋ."

ಕೆಂಪು ಪೆನ್ನು ಅವನ ಜೇಬಿನಲ್ಲಿತ್ತು. ಅವಳು ಬಗ್ಗಿ ಕೈ ಚಾಚಿದಳು.

ಅವನು ಎರಡೂ ಕಿವಿ ಮುಚ್ಚಿಕೊಂಡು ಮೂಲೆಗೆ ಮುದುಡಿದ. "ಬೇಡ ಪುಟ್ಟೀ, ಬೇಡ."

ಚಾಚಿದ ಕೈ ಹಾಗೇ ನಿಂತಿತು. ಆ ಮೂಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಪೆನ್ನು ಅಣ್ಣಾ," ಅಂದಳು. "ಪೆನ್ನು ಬೇಕಿತ್ತು, ಅಷ್ಟೇ."

ಮೆಲ್ಲಗೆ ಪೆನ್ನು ತೆಗೆದುಕೊಂಡು ಆರನ್ನು ಹೊಡೆದುಹಾಕಿ ಹತ್ತು ಅಂತ ಬರೆದಳು. ತಿರುಗಿ ನೋಡಿದರೆ ಅವನಿನ್ನೂ ಕಿವಿಯಿಂದ ಕೈ ತೆಗೆದಿರಲಿಲ್ಲ.