ಬೆನ್ನು ತಿರುಗಿಸಿದ ಶನಿವಾರ

ನಮ್ಮ ಥಾರ್ನ್‌ಬೆಕ್ ಊರಿನ ಫುಟ್‌ಬಾಲ್ ಮೈದಾನ ಎಷ್ಟು ಇಳಿಜಾರು ಎಂದರೆ, ಮೇಲಿನ ಗೋಲಿನ ಹತ್ತಿರ ನಿಂತು ಯಾರಾದರೂ ಜೋರಾಗಿ ಸೀನಿದರೆ ಸಾಕು, ಚೆಂಡು ಉರುಳಿಕೊಂಡು ಹೋಗಿ ಕೆಳಗಿನ ಗೋಲಿನೊಳಗೆ ಕೂತುಬಿಡುತ್ತದೆ. ಗಾಳಿಯ ಮಾತಂತೂ ಕೇಳಲೇಬೇಡಿ. ಒಂದು ಸಲ ನಮ್ಮ ಗೋಲ್‌ಕೀಪರ್ ಒದ್ದ ಚೆಂಡು ಆಕಾಶಕ್ಕೆ ಏರಿ, ಗುಡ್ಡದ ಮೇಲೆಲ್ಲ ತಿರುಗಾಡಿ, ಮುಂದಿನ ವಾರದ ಮ್ಯಾಚಿಗೆ ಸರಿಯಾಗಿ ಬಂದು ಇಳಿಯಿತು. ಗುಡ್ಡದಿಂದ ಇಳಿದು ಬಂದ ಕುರಿಯೊಂದು ತಲೆಯಲ್ಲಿ ಗುದ್ದಿ ಗೋಲು ಹೊಡೆದದ್ದೂ ಉಂಟು. ಆ ವರ್ಷ ನಮ್ಮ ಕಡೆ ಅದಕ್ಕಿಂತ ಹೆಚ್ಚು ಗೋಲು ಹೊಡೆದವರು ಇಬ್ಬರೇ.

ಈ ಆರ್ಚಿ, ಅಂದರೆ ನಾನು, ಬಾಯಿ ಬಿಟ್ಟರೆ ಸುಳ್ಳು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ ಬಿಡಿ. ಆದರೆ ನಮ್ಮ ತಂಡ ಆಡಿಸುತ್ತಿದ್ದ ಮ್ಯಾನೇಜರ್ ರಸೆಲ್‌ನ ವಿಷಯದಲ್ಲಿ ನಾನು ನಿಮಗೆ ಹೇಳುವುದರಲ್ಲಿ ಉಪ್ಪು ಖಾರ ಏನೂ ಹಚ್ಚಿಲ್ಲ. ಹಚ್ಚಬೇಕೆಂದರೂ ಕೈ ಬರುವುದಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಮ್ಯಾನೇಜರನ್ನು ತೆಗೆಯುವವರು ಕಮಿಟಿಯವರು ಎಂದು ಕಮಿಟಿಯವರು ತಿಳಿದುಕೊಂಡಿದ್ದಾರೆ. ನಿಜಕ್ಕೂ ತೆಗೆಯುವುದು ನಮ್ಮ ಬೆನ್ನು. ಕೆಳಗಿನ ಗೋಲಿನ ಹಿಂದೆ ಸಿಮೆಂಟಿನ ಮೆಟ್ಟಿಲುಗಳಿವೆ. ಅಲ್ಲಿ ಕುರ್ಚಿಯಿಲ್ಲ, ನಿಂತೇ ಆಟ ನೋಡಬೇಕು. ಮ್ಯಾನೇಜರ್ ಇನ್ನು ಸಾಕು ಅನ್ನಿಸಿದರೆ, ವಿರಾಮ ಮುಗಿದು ಆಟ ಮತ್ತೆ ಶುರುವಾಗುತ್ತಲೇ ನಾವೆಲ್ಲ ಮೈದಾನಕ್ಕೆ ಬೆನ್ನು ಹಾಕಿ ನಿಂತು ಕ್ಲಬ್ಬಿನ ಹಾಡು ಹಾಡುತ್ತೇವೆ. ಊರಿನ ಬಟ್ಟೆ ಗಿರಣಿಯ ಕಾಲದ ಹಾಡು ಅದು, ಮುಗಿಯಿತು ಅಂದುಕೊಂಡಾಗ ಇನ್ನೊಂದು ಚರಣ ಹುಟ್ಟುತ್ತದೆ. ಕೊನೆಯ ಸಾಲು ಹಾಡುವವರೆಗೆ ಯಾರೂ ತಿರುಗಬಾರದು. ಹಿಂದೆ ಗೋಲು ಬೀಳಲಿ, ಸಿಡಿಲು ಬೀಳಲಿ. ಒಂದು ಸಲ ಮೈದಾನದ ಕಾವಲಿನವರು ಒಬ್ಬೊಬ್ಬರನ್ನೇ ಹಿಡಿದೆಳೆದು ತಿರುಗಿಸಲು ನೋಡಿದ್ದರು. ಅಲ್ಲಿಂದೀಚೆಗೆ ತೋಳಿಗೆ ತೋಳು ಹೆಣೆದುಕೊಳ್ಳುವುದೂ ಸೇರಿಕೊಂಡಿತು. ಹಾಗೆ ನಮ್ಮ ಬೆನ್ನು ಕಂಡ ಯಾವ ಮ್ಯಾನೇಜರನೂ ಸೋಮವಾರ ಕೆಲಸಕ್ಕೆ ಬಂದದ್ದಿಲ್ಲ. ಒಬ್ಬನಂತೂ ಮೈದಾನದಿಂದ ನೆಟ್ಟಗೆ ಹಡಗು ಹತ್ತಿದವನು ನಾರ್ವೆಯಲ್ಲಿ ಮೀನು ಮಾರಿಕೊಂಡಿದ್ದಾನೆ.

ಬೆನ್ನು ಹಾಕಬೇಕೋ ಬೇಡವೋ ಎಂದು ತೀರ್ಮಾನವಾಗುವುದು ಹಿಂದಿನ ಸಂಜೆ, 'ಹಾರುವ ಲಾಳಿ' ಪಬ್ಬಿನಲ್ಲಿ. ಮ್ಯಾನೇಜರ್ ಹೋಗಲಿ ಎನ್ನುವವರು ಕೊರಳಿನ ಸ್ಕಾರ್ಫ್ ಬಿಚ್ಚಿ ಮೇಜಿನ ಮೇಲೆ ಹಾಕುತ್ತಾರೆ. ಇರಲಿ ಎನ್ನುವವರು ಕೊರಳಲ್ಲೇ ಇಟ್ಟುಕೊಳ್ಳುತ್ತಾರೆ. ಯಾವುದು ಹೆಚ್ಚೋ ಅದಕ್ಕೆ ಎಲ್ಲರೂ ತಲೆಬಾಗಬೇಕು.

ಆ ಶುಕ್ರವಾರ ಮಾತು ಬಂದದ್ದು ರಸೆಲ್ ಹ್ಯಾಲಮ್ ಮೇಲೆ. ರಸೆಲ್ ನಮ್ಮೂರವನೇ, ಮೊದಲು ನಮಗಾಗಿ ಆಡಿದವನು, ಆಮೇಲೆ ಮ್ಯಾನೇಜರ್ ಆದವನು. ಚಳಿಗಾಲ ಶುರುವಾದಾಗಿನಿಂದ ಒಂದು ಮ್ಯಾಚೂ ಗೆದ್ದಿರಲಿಲ್ಲ. ಅವನ ಅಪ್ಪ ಕ್ಲಿಫರ್ಡ್, ಬಸ್ ಓಡಿಸಿ ನಿವೃತ್ತನಾದವನು, ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ನಿಲ್ಲುವವನು, ಪಬ್ಬಿನ ಮೂಲೆಯಲ್ಲಿ ಗ್ಲಾಸು ಹಿಡಿದು ಕೂತಿದ್ದ. ಹೆಂಡತಿ ತೀರಿಹೋದ ಮೇಲೆ ಅವನಿಗೆ ಇದ್ದದ್ದು ಎರಡೇ: ಮಗ, ಕ್ಲಬ್ಬು.

"ಆರು ಗೋಲು ತಿಂದ್ವಿ ಕಣ್ರೋ! ಆರು!" ಎಂದು ಕಟುಕ ಡಂಕನ್ ಮೇಜು ಗುದ್ದಿದ. "ನನ್ನ ಅಂಗಡೀಲಿ ನೇತಾಕಿರೋ ಹಂದೀನ ಗೋಲಲ್ಲಿ ನಿಲ್ಲಿಸಿದ್ರೂ ಎರಡು ತಡೀತಿತ್ತು."

"ಹಂದಿಗೆ ಗ್ಲೌಸ್ ಯಾರು ಹಾಕ್ತಾರೋ?" ಎಂದೆ ನಾನು.

"ಮೊದಲು ನಿನ್ನ ಬಾಯಿಗೆ ಹಾಕ್ತೀನಿ ಸುಮ್ನಿರು, ಆರ್ಚಿ."

"ಆ ಮೇಜು ಮುರಿದ್ರೆ ನಿನ್ನನ್ನೇ ಕಾಲು ಮಾಡಿ ನಿಲ್ಲಿಸ್ತೀನಿ, ಚಿನ್ನ," ಎಂದಳು ಪಬ್ಬಿನ ಒಡತಿ ಗ್ಲೆನಿಸ್. "ಪಾಪ, ರಸೆಲ್ ಏನ್ ಮಾಡ್ತಾನೆ? ಒಳ್ಳೆ ಆಟಗಾರರು ಎಲ್ಲಿದಾರೆ ಅವನ ಹತ್ರ? ಮಾಂಸ ಕೊಡ್ದೆ ಪೈ ಮಾಡು ಅಂದ್ರೆ ನೀನು ಮಾಡ್ತೀಯಾ?"

"ಮಾಡ್ತೀನಲ್ಲ! ಇಷ್ಟು ವರ್ಷ ನಿನಗೆ ಮಾರಿದ್ದು ಇನ್ನೇನು ಅಂದ್ಕೊಂಡೆ?"

ಎಲ್ಲರೂ ನಕ್ಕರು. ಗ್ಲೆನಿಸ್ ಕೂಡ ಒರೆಸುವ ಬಟ್ಟೆ ಅವನ ಮೇಲೆ ಎಸೆದು ನಕ್ಕಳು. ಆದರೆ ಡಂಕನ್ ನಗಲಿಲ್ಲ.

"ತಮಾಷೆ ಸಾಕು. ಕಳೆದ ಮ್ಯಾಚಲ್ಲಿ ಎಡಗಡೆ ಕಾಯೋಕೆ ಒಬ್ಬನನ್ನೂ ನಿಲ್ಲಿಸಿರಲಿಲ್ಲ ಅವನು. ಖಾಲಿ! ಅಲ್ಲಿ ಬಟ್ಟೆ ಒಣಗಾಕಬಹುದಿತ್ತು. ಹಿಂಗೇ ಸೋತು ಲೀಗಲ್ಲಿ ಇನ್ನೊಂದು ದರ್ಜೆ ಕೆಳಗಿಳಿದ್ರೆ ಕ್ಲಬ್ಬೇ ಇರಲ್ಲ. ಆ ಜಾಗದಲ್ಲಿ ಸೂಪರ್‌ಮಾರ್ಕೆಟ್ ಬರುತ್ತೆ. ಆಮೇಲೆ ಶನಿವಾರ ಮಧ್ಯಾಹ್ನ ಏನ್ ಮಾಡ್ತೀರಿ? ಹೋಗಿ ಆಲೂಗಡ್ಡೆಗೆ ಜೈ ಅಂತೀರಾ?"

ಸ್ಕಾರ್ಫುಗಳು ಮೇಜಿನ ಮೇಲೆ ಬೀಳತೊಡಗಿದವು. ನಾನು ನನ್ನದನ್ನು ಕೊರಳಲ್ಲೇ ಇಟ್ಟುಕೊಂಡೆ. ಗ್ಲೆನಿಸ್ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಮೇಜಿನ ಮೇಲಿದ್ದದ್ದೂ ಕೊರಳಲ್ಲಿದ್ದದ್ದೂ ಸಮಸಮ. ಉಳಿದವನು ಕ್ಲಿಫರ್ಡ್ ಒಬ್ಬನೇ.

"ಅವನನ್ನ ಬಿಟ್ಟುಬಿಡಿ ಅತ್ಲಾಗೆ," ಎಂದ ಡಂಕನ್. "ಅವನು ಇವತ್ತು ಕ್ಲಬ್ಬಿನೋನಲ್ಲ, ಮಗನ ಅಪ್ಪ."

ಕ್ಲಿಫರ್ಡ್ ಮೆಲ್ಲನೆ ತಲೆ ಎತ್ತಿದ. "ಏನಂದೆ?"

"ಇದ್ದದ್ದು ಅಂದೆ. ತಪ್ಪಾ? ನಾನಾಗಿದ್ರೂ ಹಂಗೇ ಮಾಡ್ತಿದ್ದೆ."

"ನಾನು ಆ ಮೆಟ್ಟಿಲ ಮೇಲೆ ನಿಲ್ಲೋಕೆ ಶುರು ಮಾಡ್ದಾಗ ರಸೆಲ್ ಹುಟ್ಟಿರಲಿಲ್ಲ. ಅವನಮ್ಮ ನನಗೆ ಸಿಕ್ಕೇ ಇರಲಿಲ್ಲ," ಎನ್ನುತ್ತ ಕ್ಲಿಫರ್ಡ್ ಎದ್ದು ಬಂದ. ಸ್ಕಾರ್ಫ್ ಬಿಚ್ಚಿ, ನೀಟಾಗಿ ಮಡಚಿ, ರಾಶಿಯ ಮೇಲೆ ಇಟ್ಟ. "ಬೇರೆ ಯಾರ ಮಗ ಆಗಿದ್ರೂ ಹಾಕ್ತಿದ್ದೆ. ಸಾಕಾ?"

ನಾನು ಅವನ ತೋಳು ಹಿಡಿದೆ. "ಕ್ಲಿಫರ್ಡ್, ಹೋಗಿ ಅವನಿಗೆ ಒಂದು ಮಾತು ಹೇಳಿಬಿಡೋ. ನಾಳೆ ಹೀಗೆ ಅಂತ."

"ಯಾಕೆ? ಬೇರೆ ಮ್ಯಾನೇಜರ್‌ಗೆ ಯಾರಾದ್ರೂ ಮೊದಲೇ ಹೇಳಿದ್ರಾ?"

ಮಾರನೆಯ ದಿನ ಹಿಮದ ಚೂರು ಬೆರೆತ ಮಳೆ. ವಿರಾಮಕ್ಕೇ ನಾವು ಎರಡು ಗೋಲು ಹಿಂದಿದ್ದೆವು. ಆಟಗಾರರು ಮತ್ತೆ ಇಳಿದರು. ಅವರ ಹಿಂದೆ ರಸೆಲ್, ಕಾಲರ್ ಎತ್ತಿಕೊಂಡು, ಕೈ ಜೇಬಿನಲ್ಲಿಟ್ಟುಕೊಂಡು ಬಂದು ತನ್ನ ಬೆಂಚಿನ ಮುಂದೆ ನಿಂತ. ಪ್ರತಿ ಸಲದಂತೆ ಮೆಟ್ಟಿಲ ಕಡೆ ನೋಡಿ ಅಪ್ಪನಿಗೆ ಗದ್ದ ಎತ್ತಿ ತೋರಿಸಿದ. ರೆಫರಿ ಸೀಟಿ ಊದಿದ. ಡಂಕನ್ "ಈಗ!" ಎಂದ. ನಾವು ತಿರುಗಿದೆವು.

ಕ್ಲಿಫರ್ಡ್‌ನ ತೋಳು ನನ್ನ ತೋಳಿನಲ್ಲಿತ್ತು. ಹಾಡಿದ ನೋಡಿ ಆ ಮನುಷ್ಯ! ಗುಡ್ಡದಾಚೆಯ ಕುರಿಗಳೆಲ್ಲ ಎದ್ದು ನಿಂತಿರಬೇಕು. ಕೊರಳ ನರ ಉಬ್ಬಿಸಿಕೊಂಡು, ಕಣ್ಣನ್ನು ಎದುರಿನ ಚಹಾದಂಗಡಿಯ ಗೋಡೆಯಲ್ಲಿ ನೆಟ್ಟು ಹಾಡಿದ.

ಮೂರನೆಯ ಚರಣದಲ್ಲಿರುವಾಗ ಬೆನ್ನ ಹಿಂದೆ ಸದ್ದು ಅಡಗಿತು. ಚೆಂಡಿನ ಸದ್ದಿಲ್ಲ, ಆಟಗಾರರ ಕೂಗಿಲ್ಲ. ಎದುರಾಳಿ ಊರಿನಿಂದ ಬಂದವರು ಅಷ್ಟು ಹೊತ್ತೂ ನಮ್ಮನ್ನು ಆಡಿಕೊಳ್ಳುತ್ತಿದ್ದವರು, ಅವರೂ ಸುಮ್ಮನಾದರು.

"ನೋಡ್ರೋ, ಬಾಯಿ ಬಂದ್ ಆಯ್ತು ಅವ್ರದ್ದು!" ಎಂದು ಡಂಕನ್ ಕೂಗಿದ. "ಇನ್ನೂ ಜೋರಾಗಿ!"

ನಾವು ಇನ್ನೂ ಜೋರು ಮಾಡಿದೆವು. ಆಗ ಹಿಂದಿನಿಂದ ಯಾರೋ ತಳ್ಳಿದರು. ಹೆಗಲ ಮೇಲೆ ಗುದ್ದಿದರು. ಓರೆಗಣ್ಣಿನಲ್ಲಿ ನೋಡಿದರೆ ಕಾವಲಿನ ಹಳದಿ ಅಂಗಿ, ನಮ್ಮ ಮೌರೀನ್, ವಾರದ ದಿನಗಳಲ್ಲಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. ಬಾಯಿ ತೆರೆದು ಏನೋ ಕಿರುಚುತ್ತಿದ್ದಳು. ಹಾಡಿನಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ.

"ಎಳೆಯೋಕೆ ಬಂದ್ರು! ಬಿಡಬೇಡಿ!" ಎಂದು ಯಾರೋ ಕೂಗಿದರು. ಸಾಲು ಬಿಗಿಯಾಯಿತು.

ಮೌರೀನ್ ನನ್ನ ಮತ್ತು ಕ್ಲಿಫರ್ಡ್‌ನ ನಡುವೆ ತಲೆ ತೂರಿಸಿದಳು. ಕ್ಲಿಫರ್ಡ್ ಮೊಣಕೈ ಕೆಳಗೊತ್ತಿ ಅವಳನ್ನು ಹಿಂದಕ್ಕೆ ನೂಕಿದ. ಅವಳು ಮತ್ತೆ ಬಂದಳು. ಅವನು ಮತ್ತೆ ನೂಕಿದ, ಹಾಡು ಬಿಡದೆ. ಅವಳು ಮೆಟ್ಟಿಲ ತುದಿಯವರೆಗೆ ಓಡಿ ಸುತ್ತಿಕೊಂಡು ಬರುವಷ್ಟರಲ್ಲಿ ನಾವು ಕೊನೆಯ ಚರಣದಲ್ಲಿದ್ದೆವು. ಉಸಿರು ಕಟ್ಟಿಕೊಂಡು ನಮ್ಮ ಮುಂದೆಯೇ ಹಾದು, ಚಹಾದಂಗಡಿಯ ಗೋಡೆಯ ಮೇಲಿದ್ದ ಹಸಿರು ಪೆಟ್ಟಿಗೆಯನ್ನು ಕಿತ್ತುಕೊಂಡಳು. ನಿಂತುಹೋದ ಎದೆಗೆ ಕರೆಂಟ್ ಕೊಟ್ಟು ಎಬ್ಬಿಸುತ್ತಾರಲ್ಲ, ಆ ಪೆಟ್ಟಿಗೆ. ಹಾಡು ಪೂರ್ತಿ ನಾವು ಕಣ್ಣು ನೆಟ್ಟು ನೋಡುತ್ತಿದ್ದದ್ದು ಅದನ್ನೇ.

ಆಗ ತಿರುಗಿದೆವು. ಕೊನೆಯ ಸಾಲು ಯಾರೂ ಹಾಡಲಿಲ್ಲ.

ಬೆಂಚಿನ ಮುಂದೆ ಕೆಸರಿನಲ್ಲಿ ರಸೆಲ್ ಅಂಗಾತ ಬಿದ್ದಿದ್ದ. ಅಂಗಿ ಹರಿದಿದ್ದರು. ತಂಡದವನೊಬ್ಬ ಅವನ ಎದೆಯನ್ನು ಎರಡೂ ಕೈಯಲ್ಲಿ ಒತ್ತುತ್ತಿದ್ದ. ಎರಡೂ ತಂಡದ ಆಟಗಾರರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಕ್ಲಿಫರ್ಡ್ ನನ್ನ ತೋಳಿನಿಂದ ತನ್ನ ತೋಳು ಬಿಡಿಸಿಕೊಳ್ಳಲು ನೋಡಿದ. ಬೇಗ ಬಿಡಿಸಲು ಬರಲಿಲ್ಲ, ಅಷ್ಟು ಬಿಗಿಯಾಗಿ ಹೆಣೆದಿದ್ದೆವು.

ರಸೆಲ್ ಏಳಲಿಲ್ಲ. ಪೆಟ್ಟಿಗೆ ಬೇಗ ಸಿಕ್ಕಿದ್ದರೆ ಉಳಿಯುತ್ತಿದ್ದನೇ ಎಂದು ಗ್ಲೆನಿಸ್ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕೇಳಿದಳು. "ಹೇಳೋಕಾಗಲ್ಲ," ಎಂದರು ಅವರು. ಉಳಿಯುತ್ತಿರಲಿಲ್ಲ ಎಂದು ಹೇಳಿಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮಣ್ಣು ಮಾಡಿದ ಮೇಲೆ ಎಲ್ಲರೂ 'ಹಾರುವ ಲಾಳಿ'ಗೆ ಬಂದೆವು. ಗ್ಲೆನಿಸ್ ಹ್ಯಾಮ್ ಸ್ಯಾಂಡ್‌ವಿಚ್ ಇಟ್ಟಿದ್ದಳು, ಯಾರೂ ಮುಟ್ಟಲಿಲ್ಲ. ಕಮಿಟಿಯವರು ಹೊಗಳಿದರು, ಆಟಗಾರರು ಹೊಗಳಿದರು. ಡಂಕನ್ ಕಣ್ಣು ಮೂಗು ಒರೆಸಿಕೊಳ್ಳುತ್ತ ಕ್ಲಿಫರ್ಡ್‌ನ ಎರಡೂ ಕೈ ಹಿಡಿದುಕೊಂಡ.

"ಅಂಥ ಮ್ಯಾನೇಜರ್ ನಮಗೆ ಮುಂಚೆ ಸಿಕ್ಕಿರಲಿಲ್ಲ ಕಣೋ. ಮುಂದೆ ಸಿಗೋದೂ ಇಲ್ಲ."

ಕ್ಲಿಫರ್ಡ್ ಕೈ ಕಿತ್ತುಕೊಂಡ. "ಹೋದ ವಾರ ಹಂದಿ ಅಂದೆ."

"ಅಯ್ಯೋ, ಅದು ಬಾಯಿತಪ್ಪಿ..."

"ಆರು ಗೋಲು ಅಂದೆ. ಎಡಗಡೆ ಖಾಲಿ ಅಂದೆ. ಈಗ ಹೇಳು. ಅವನು ಮ್ಯಾನೇಜರ್ ಕೆಲಸಕ್ಕೆ ಲಾಯಕ್ಕಿರಲಿಲ್ಲ ಅಂತ ಹೇಳು."

"ಇವತ್ತು ಬೇಡ ಕಣೋ, ಚಿನ್ನ," ಎಂದಳು ಗ್ಲೆನಿಸ್.

"ಇವತ್ತೇ ಬೇಕು! ಅವನು ಒಳ್ಳೆ ಮ್ಯಾನೇಜರ್ ಆಗಿದ್ರೆ ನಾನು ಯಾಕೆ ಬೆನ್ನು ಹಾಕ್ದೆ? ಯಾರಿಗೆ ಹಾಕ್ದೆ? ಹೇಳ್ರೋ!"

ಕೊನೆಗೆ ಡಂಕನ್ ನೆಲ ನೋಡುತ್ತ, "ಎಡಗಡೆ ಖಾಲಿ ಬಿಟ್ಟಿದ್ದು ತಪ್ಪೇ," ಎಂದ.

"ಎಡಗಡೆ ಕಾಯೋ ಬೂತ್‌ರಾಯ್ಡ್‌ನ ಅಮ್ಮ ಸಾಯೋ ಹಾಗಿದ್ದಳು," ಎಂದ ಕ್ಲಿಫರ್ಡ್, ತಕ್ಷಣ. "ಆಡಬೇಡ, ಅಮ್ಮನ ಹತ್ರ ಹೋಗು ಅಂತ ರಸೆಲ್ಲೇ ಕಳಿಸಿದ್ದ. ಯಾರಿಗೂ ಹೇಳಬೇಡಿ ಅಂದಿದ್ದ. ಮತ್ತೆ?"

"ಆ ಹಳೆ ಗೋಲ್‌ಕೀಪರನ್ನ ತೆಗೀಲಿಲ್ಲ..."

"ತೆಗೆದ್ರೆ ಅವನಿಗೆ ಬೇರೆ ಗತಿ ಇರಲಿಲ್ಲ. ಕುಡಿತ ಬಿಟ್ಟಿದ್ದೇ ಆಟಕ್ಕೋಸ್ಕರ. ಮತ್ತೆ?"

ಡಂಕನ್ ಇನ್ನೂ ಒಂದೆರಡು ಹೇಳಿದ. ಒಂದೊಂದಕ್ಕೂ ಕ್ಲಿಫರ್ಡ್‌ನ ಹತ್ತಿರ ಉತ್ತರವಿತ್ತು. ಆ ಶುಕ್ರವಾರ ಮೂಲೆಯಲ್ಲಿ ಕೂತಿದ್ದಾಗಲೂ ಅಷ್ಟೂ ಅವನ ಬಾಯೊಳಗೇ ಇತ್ತು. ಈಗ ಒಂದೊಂದು ವಾದ ಗೆದ್ದಾಗಲೂ ಅವನ ಮುಖ ಇನ್ನಷ್ಟು ಬೂದಿಯಾಗುತ್ತಿತ್ತು. ಕೊನೆಗೆ ಡಂಕನ್‌ನ ಬತ್ತಳಿಕೆ ಬರಿದಾಯಿತು. ಕ್ಲಿಫರ್ಡ್ ಮೇಜಿನಂಚು ಹಿಡಿದುಕೊಂಡು ನಮ್ಮೆಲ್ಲರ ಮುಖ ನೋಡುತ್ತ ನಿಂತ.

"ಟಾಸ್ ಹಾಕ್ತಿದ್ದ," ಎಂದೆ ನಾನು.

"ಏನು?"

"ರಸೆಲ್. ಮ್ಯಾಚಿಗೆ ಮುಂಚೆ ಕಾರಲ್ಲಿ ಕೂತು ನಾಣ್ಯ ಚಿಮ್ಮಿ ತಂಡ ಆರಿಸ್ತಿದ್ದ. ತಲೆ ಬಿದ್ರೆ ಇವನು, ಹಿಂಬದಿ ಬಿದ್ರೆ ಅವನು. ಕಿಟಕಿಯಿಂದ ಕಣ್ಣಾರೆ ನೋಡಿದೀನಿ. ಆರು ಗೋಲು ಬಿದ್ದ ದಿನಾನೂ ಅಷ್ಟೇ. ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಹೇಳಿರಲಿಲ್ಲ."

ನನ್ನ ಮಾತನ್ನು ಯಾವತ್ತೂ ನಂಬದ ಊರು ಅದು. ಮೈದಾನ ಇಳಿಜಾರು ಎಂದರೂ ಹೋಗಿ ನೋಡಿಕೊಂಡು ಬರುವ ಜನ. ಯಾರಾದರೂ ನಕ್ಕಿದ್ದರೆ ನನ್ನ ಸುಳ್ಳಿನ ಕಥೆ ಮುಗಿದೇ ಹೋಗುತ್ತಿತ್ತು. ಯಾರೂ ನಗಲಿಲ್ಲ.

"ನಾನೂ ನೋಡಿದೀನಿ," ಎಂದ ಡಂಕನ್.

"ನಂಗೂ ಗೊತ್ತಿತ್ತು," ಎಂದಳು ಗ್ಲೆನಿಸ್, ಆ ಕಡೆ ತಿರುಗಿ ಗ್ಲಾಸು ಒರೆಸುತ್ತ.

ಕ್ಲಿಫರ್ಡ್ ನನ್ನನ್ನೇ ತುಂಬ ಹೊತ್ತು ನೋಡಿದ. ಅವನಿಗೆ ಮಗನೂ ಗೊತ್ತು, ನಾನೂ ಗೊತ್ತು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತ.

"ಮತ್ತೆ?" ಎಂದ. "ಇನ್ನೂ ಏನೇನು ಮಾಡ್ತಿದ್ದ, ಹೇಳು."

ನಾನು ಹೇಳತೊಡಗಿದೆ.